ಹಳೆ ಮನೆಯ ಬಾಗಿಲು ಹೊಸ ಮನೆಯ ಅಲಂಕಾರಕ್ಕೆ ಬೇಕೇ?

ಒಡೆದ ಮನೆಗಳ ಕಂಬ, ಬಾಗಿಲು, ಪತ್ತಾಯ, ಹಂಡೆಗಳನ್ನು ಕೊಂಡು ತಂದು ನಗರದ ಮನೆಗಳನ್ನು ಸಿಂಗರಿಸುವುದು ಸರಿಯೇ? ಈ ಪ್ರಶ್ನೆಗೆ ಎರಡು ಉತ್ತರಗಳು ಇಲ್ಲಿವೆ.

ಪರ
(ಒಳಾಂಗಣ ವಿನ್ಯಾಸಕಿ, ಬೆಂಗಳೂರು)



ಮೊದಲನೆಯದು ಮರದ ಗುಣ. ಹಳೆ ಬಾಗಿಲಿನಲ್ಲಿರುವುದು ಬಲಿತ ತೇಗದ, ಬೀಟೆಯ, ಹಲಸಿನ ಕೆಚ್ಚು. ಎಷ್ಟೋ ವರ್ಷಗಳಿಂದ ಒಣಗಿ ಹದಗೊಂಡ ಮರ. ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಸೊಟ್ಟಗಾಗುವುದಿಲ್ಲ. ಈಗ ಡಿಪೋದಲ್ಲಿ ಸಿಗುವ ಎಳೆ ತೇಗದಲ್ಲಿ ಬಿಳಿ ಭಾಗವೇ ಜಾಸ್ತಿ. ಪಾರ್ಟಿಕಲ್ ಬೋರ್ಡಿನ ಕಪಾಟಂತೂ ಅಡುಗೆಮನೆಯ ನಲ್ಲಿ ಒಂದು ತಿಂಗಳು ಸೋರಿದರೆ ಬುಡದಿಂದ ಹಿಟ್ಟು ಹಿಟ್ಟಾಗುತ್ತದೆ.

ಎರಡನೆಯದು ಖರ್ಚು. ಭಾನುವಾರ ಬೆಳಿಗ್ಗೆ ಬೇಗ ಎದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋಗುವ ಅಭ್ಯಾಸವಿದ್ದರೆ ಹಿತ್ತಾಳೆ ಚೊಂಬು, ಗೋಡೆ ಗಡಿಯಾರ, ಕಬ್ಬಿಣದ ಟ್ರಂಕು ಎಲ್ಲ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಕೆತ್ತನೆ ಬಾಗಿಲಿನ ಮಾತು ಬೇರೆ. ಅದಕ್ಕೆ ಈಗ ಹೊಸ ಬಾಗಿಲಿಗಿಂತ ಹೆಚ್ಚು ಬೆಲೆಯಿದೆ ಎಂದು ಒಪ್ಪಬೇಕು.

ಮೂರನೆಯದು ಪರಿಸರ. ಇದ್ದ ಮರವನ್ನೇ ಮತ್ತೆ ಬಳಸಿದರೆ ಹೊಸ ಮರ ಕಡಿಯಬೇಕಾಗಿಲ್ಲ. ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ ಅಂದುಕೊಂಡಿದ್ದೇನೆ.

ನಾಲ್ಕನೆಯದು ಉಳಿಸಿಕೊಳ್ಳುವ ಮಾತು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಮುಂತಾದವನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರು ಕೈಹಾಕದಿದ್ದರೆ ಅವೆಲ್ಲ ಸೌದೆಯಾಗುತ್ತಿದ್ದವು. ನಾವು ಮಾಡುವುದೂ ಅದನ್ನೇ, ಸಣ್ಣ ಪ್ರಮಾಣದಲ್ಲಿ.

ಆಕ್ಷೇಪಗಳಿವೆ. ಕುಟ್ಟೆ ಹಿಡಿದಿರಬಹುದು ಎನ್ನುತ್ತಾರೆ. ಕೊಳ್ಳುವ ಮೊದಲು ಬಾಗಿಲಿನ ಬುಡವನ್ನು ಸುತ್ತಿಗೆಯ ಹಿಡಿಯಿಂದ ಕುಟ್ಟಿ ನೋಡಿ. ಸಣ್ಣ ತೂತುಗಳಿಂದ ಹಿಟ್ಟು ಉದುರಿದರೆ ಬಿಟ್ಟು ಬನ್ನಿ. ಹಾಸಿಗೆ, ದಿಂಬು, ಸೋಫಾ ಮಾತ್ರ ಹಳೆಯದು ಬೇಡ, ತಿಗಣೆ ಮನೆ ಹೊಕ್ಕರೆ ಹೊರಹಾಕುವುದು ಕಷ್ಟ. ಹಳೆ ಬಣ್ಣದ ವಿಷಯದಲ್ಲೂ ಎಚ್ಚರ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿಸಿ, ಮಕ್ಕಳನ್ನು ದೂರವಿಡಿ.

ಈ ಸಾಮಾನು ಎಲ್ಲಿಂದ ಬರುತ್ತದೆ ಎಂದೂ ಕೇಳುತ್ತಾರೆ. ಬೀಳುವ ಮನೆಗಳಿಂದ. ವ್ಯಾಪಾರಿಗಳು ಊರಿನ ಹೆಸರು ಹೇಳುವುದಿಲ್ಲ, ನಾನೂ ಒತ್ತಾಯಿಸಿ ಕೇಳಿದವಳಲ್ಲ. ಒಂದು ವಸ್ತುವಿಗೆ ಎರಡನೇ ಬಾಳು ಸಿಕ್ಕಿತಲ್ಲ, ನನಗೆ ಅಷ್ಟು ಸಾಕು.

ವಿರೋಧ
(ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು)

ಕಳೆದ ಮಾಘದಲ್ಲಿ ನೆಂಟರ ಗೃಹಪ್ರವೇಶಕ್ಕೆ ಬೆಂಗಳೂರಿಗೆ ಹೋಗಿದ್ದೆ. ಹನ್ನೊಂದನೇ ಮಹಡಿಯ ಫ್ಲ್ಯಾಟು. ನಡುಮನೆಯಲ್ಲಿ ಊಟದ ಟೇಬಲ್ಲು, ಮೇಲೆ ದಪ್ಪ ಗಾಜು, ಗಾಜಿನ ಕೆಳಗೆ ಅಡ್ಡ ಮಲಗಿಸಿದ ಒಂದು ಹೆಬ್ಬಾಗಿಲು. ಅಗುಳಿ ಕೂರುವ ತೂತಿಗೆ ಮೇಣದಂಥದ್ದೇನನ್ನೋ ತುಂಬಿ ನುಣುಪು ಮಾಡಿದ್ದರು. ಎಲೆ ಹಾಕಿ ಪಾಯಸ ಬಡಿಸುವ ಹೊತ್ತಿಗೆ ಬಾಗಿಲಿನ ಅಂಚಿನಲ್ಲಿದ್ದ ಗೀಟುಗಳು ಕಣ್ಣಿಗೆ ಬಿದ್ದವು. ಕತ್ತಿಯ ಮೊನೆಯಿಂದ ಕೊರೆದವು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಮತ್ತೆ ನಾಲ್ಕು, ಮತ್ತೆ ಅಡ್ಡ. ಕೊನೆಕೊಯ್ಲಿನ ದಿನ ತೋಟದಿಂದ ಬಂದ ಅಡಿಕೆ ಹೊರೆಗಳ ಲೆಕ್ಕ ಅದು. ನಮ್ಮ ಅಜ್ಜಯ್ಯನೂ ಹೆಬ್ಬಾಗಿಲ ಮೇಲೆ ಹೀಗೇ ಹಾಕುತ್ತಿದ್ದರು.

ಯಾವ ಊರಿನ ಬಾಗಿಲು ಎಂದು ಕೇಳಿದೆ. "ಕಾರೈಕುಡಿಯದು, ಚೆಟ್ಟಿಯಾರರ ಮನೇದಂತೆ" ಎಂದರು. ಕಾರೈಕುಡಿಯ ಒಣನೆಲದಲ್ಲಿ ಅಡಿಕೆ ತೋಟ ಎಲ್ಲಿಂದ ಬರಬೇಕು? ನನಗೆ ಆಮೇಲೆ ಊಟ ಸೇರಲಿಲ್ಲ.

"ಹೇಗೂ ಬೀಳುವ ಮನೆ, ನಾವು ಉಳಿಸುತ್ತಿದ್ದೇವೆ" ಎಂದು ಕೊಳ್ಳುವವರು ಹೇಳುತ್ತಾರೆ. ಮನೆ ಹೇಗೆ ಬೀಳುತ್ತದೆ ಎಂಬುದನ್ನು ನಮ್ಮ ಕಡೆಗೆ ಬಂದು ನೋಡಬೇಕು. ಪಿಕಪ್ ಮಾಡಿಕೊಂಡು ಬರುವವನು ಮೊದಲ ಸಲ ಹಂಡೆ, ಕೊಪ್ಪರಿಗೆ ಕೇಳುತ್ತಾನೆ. ಕೊಡುತ್ತೇವೆ, ಹೇಗೂ ಬಚ್ಚಲಿಗೆ ಗೀಸರ್ ಬಂದಿದೆ. ಎರಡನೇ ಸಲ ಪತ್ತಾಯ. ಅದನ್ನೂ ಕೊಡುತ್ತೇವೆ, ಗದ್ದೆಯೇ ತೋಟವಾದ ಮೇಲೆ ಭತ್ತ ಎಲ್ಲಿದೆ? ಮೂರನೇ ಸಲ ಬಂದವನು ಜಗುಲಿಯಲ್ಲಿ ಕೂತು, ಕವಳ ಹಾಕಿ, ಮುಂಡಿಗೆಗಳನ್ನು ಮೇಲಿಂದ ಕೆಳಗೆ ನೋಡುತ್ತಾನೆ. ನಮ್ಮ ದಾಯಾದಿ ಮನೆಯಲ್ಲಿ ಆದದ್ದು ಇಷ್ಟೇ. ಹಿಸ್ಸೆಯಾಗಿ ಮಕ್ಕಳೆಲ್ಲ ಊರು ಬಿಟ್ಟಿದ್ದರು. ಮನೆ ಗಟ್ಟಿಯಾಗಿಯೇ ಇತ್ತು, ವರ್ಷಕ್ಕೊಮ್ಮೆ ಹಂಚು ಕೈಯಾಡಿಸಿದರೆ ಸಾಕಿತ್ತು. ಚೈತ್ರದಲ್ಲಿ ಜಗುಲಿಯ ನಾಲ್ಕು ಮುಂಡಿಗೆ ಕಿತ್ತು ಒಯ್ದರು, ಜಾಗಕ್ಕೆ ಅಡಿಕೆ ಮರದ ಕಂಬ ಕೊಟ್ಟರು. ಮಣ್ಣಿನ ಗೋಡೆ ನಿಲ್ಲುವುದು ಮಾಡಿನ ಕೆಳಗೆ ಒಣಗಿದ್ದಷ್ಟು ದಿನ ಮಾತ್ರ. ಆಷಾಢದ ಒಂದು ರಾತ್ರಿ ಮಾಡು ಜಗ್ಗಿತು, ಹಂಚು ಜಾರಿತು, ನೀರು ಗೋಡೆಗೆ ಇಳಿಯಿತು. ಶ್ರಾವಣಕ್ಕೆ ಅಲ್ಲಿ ಮಣ್ಣಿನ ಗುಡ್ಡೆ. ಬೇಡಿಕೆ ಹುಟ್ಟಿದ ದಿನವೇ ನಿಂತ ಮನೆಗಿಂತ ಬಿಚ್ಚಿದ ಮರಕ್ಕೆ ಬೆಲೆ ಹೆಚ್ಚಾಯಿತು. ಬಿದ್ದ ಮನೆಯ ಮರ ನಗರಕ್ಕೆ ಹೋಯಿತು ಎಂದು ಯಾರೂ ಹೇಳಬೇಡಿ. ಮರ ಹೋದದ್ದಕ್ಕೇ ಆ ಮನೆ ಬಿತ್ತು.

ಮಾರಿದವರದೇ ತಪ್ಪು ಎನ್ನುವವರಿದ್ದಾರೆ. ಒಬ್ಬಂಟಿ ಮುದುಕಿಯ ಕೈಯಲ್ಲಿ ಔಷಧಿಗೆ ದುಡ್ಡಿಲ್ಲದಾಗ ನೋಟಿನ ಕಟ್ಟು ಹಿಡಿದು ನಿಂತವನ ಎದುರು ಆಕೆ ಏನು ಮಾಡಬೇಕಿತ್ತು? ಆ ಮಾತನ್ನು ನಾನು ಚರ್ಚೆಗೂ ತೆಗೆದುಕೊಳ್ಳುವುದಿಲ್ಲ.

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕೆತ್ತನೆ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸನ್ಸ್ ಬೇಕು. ನಮ್ಮೂರಿಗೆ ಬರುವ ಪಿಕಪ್ಪಿನವನ ಹತ್ತಿರ ಲೈಸನ್ಸ್ ಕೇಳಿದವರನ್ನು ನಾನಿನ್ನೂ ಕಂಡಿಲ್ಲ.

ಮಣಿಪಾಲದ ಶೆಣೈ ಅವರ ಹೆಸರು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. 2017ರಲ್ಲಿ ತೀರಿಕೊಂಡ ಆ ಹಿರಿಯರ ಬಗ್ಗೆ ನನಗೆ ಗೌರವವಿದೆ, ಅವರ ಕೆಲಸದ ಬಗ್ಗೆ ತಕರಾರಿಲ್ಲ. ಅವರು ಮನೆಯನ್ನು ಮನೆಯಾಗಿ ನಿಲ್ಲಿಸಿದರು, ಅದು ಯಾವ ಊರಿನದು ಎಂದೂ ಹೇಳಿದರು. ಅದಕ್ಕೂ ಒಂದು ಕಂಬವನ್ನು ಅರ್ಧಕ್ಕೆ ಕೊಯ್ದು ದೀಪದ ಸ್ಟ್ಯಾಂಡ್ ಮಾಡುವುದಕ್ಕೂ ಸಂಬಂಧವಿಲ್ಲ.

ಹಳೆಯದನ್ನು ಯಾರೂ ಮುಟ್ಟಲೇಬಾರದು ಎಂದು ನಾನು ಹೇಳಲಾರೆ. ನನ್ನ ಅಮ್ಮನ ತವರು ಶರಾವತಿ ಹಿನ್ನೀರಿನಲ್ಲಿ ಹೋಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ಏರುವ ಮೊದಲು ಅಮ್ಮನ ಅಪ್ಪ ತೊಲೆ, ಹೆಬ್ಬಾಗಿಲು, ದಾರಂದ, ಹೊಸ್ತಿಲು ಎಲ್ಲ ಬಿಚ್ಚಿ ಎತ್ತಿನ ಗಾಡಿಗೆ ಹೇರಿಕೊಂಡು ಬಂದರಂತೆ. ಹೊಸ ಊರಿನಲ್ಲಿ ಮನೆ ಸಣ್ಣದಾಯಿತು, ಬಾಗಿಲು ದೊಡ್ಡದಾಯಿತು. ಆದರೂ ಅದನ್ನೇ ಕೂರಿಸಿದರು. ಅಮ್ಮ ಆ ಹೊಸ್ತಿಲಿಗೆ ದಿನಾ ಬೆಳಿಗ್ಗೆ ನೀರು ಹಾಕಿ ರಂಗೋಲಿ ಎಳೆದಳು, ಮದುವೆಯ ದಿನ ಅದನ್ನು ದಾಟಿ ನಮ್ಮನೆಗೆ ಬಂದಳು. ಅಷ್ಟೇ ಏಕೆ, ನಾಲ್ಕು ವರ್ಷದ ಹಿಂದೆ ನಮ್ಮ ಕೊಟ್ಟಿಗೆಗೆ ನಾನೇ ಶಿವಮೊಗ್ಗದಲ್ಲಿ ಒಡೆದ ಮನೆಯೊಂದರ ಪಕಾಸಿ ಕೊಂಡು ತಂದೆ. ಒಳ್ಳೆಯ ಮರ, ಅಗ್ಗಕ್ಕೆ ಸಿಕ್ಕಿತು. ಹಾಗಾಗಿ ಹಳೆ ಮರ ಕೊಳ್ಳುವವರೆಲ್ಲ ತಪ್ಪಿತಸ್ಥರು ಎಂದರೆ ನಾನೂ ಆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕೊಂಡ ಬಾಗಿಲನ್ನು ಬಾಗಿಲಾಗಿಯೇ ನಿಲ್ಲಿಸಿ, ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವವರ ಮೇಲೆ ನನಗೆ ಸಿಟ್ಟಿಲ್ಲ. ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳುವವರು ಕೇಳದೆ ಹೋದರೆ ಅದನ್ನು ಕೀಳುವವರೂ ಇರುವುದಿಲ್ಲ.

ಊಟ ಮುಗಿದ ಮೇಲೆ ನೆಂಟರ ಮಗಳನ್ನು ಕರೆದು ಆ ಗೀಟುಗಳ ಲೆಕ್ಕ ಹೇಳಿಕೊಟ್ಟೆ. ಹುಡುಗಿ ಗಾಜಿನ ಮೇಲೆ ಬೆರಳಿಟ್ಟು ಎಣಿಸಿತು: ಎಪ್ಪತ್ತಮೂರು ಹೊರೆ. "ಇದು ಯಾವ ಮನೆಯದು ಅಂತ ಹೇಗೆ ಗೊತ್ತಾಗತ್ತೆ?" ಎಂದು ಕೇಳಿತು. ವ್ಯಾಪಾರಿಯ ನಂಬರ್ ನಿಮ್ಮಪ್ಪನ ಫೋನಿನಲ್ಲಿ ಇರಬೇಕು ಎಂದೆ. ಈಗಾಗಲೇ ಕೊಂಡವರಿಗೂ ನಾನು ಕೇಳುವುದು ಅಷ್ಟೇ. ಕೊಟ್ಟವನಿಗೆ ಫೋನ್ ಮಾಡಿ, ಊರಿನ ಹೆಸರು ಹೇಳುವವರೆಗೆ ಬಿಡಬೇಡಿ, ಸಿಕ್ಕರೆ ಆ ಟೇಬಲ್ಲಿನ ಅಡಿಗೆ ಬರೆದಿಡಿ.