ಅವಮಾನಕ್ಕೂ ಅಳತೆ ಇದೆ



ಸಂಘದ ಸಭೆಯೊಂದರಲ್ಲಿ ಉಳಿತಾಯದ ಹಣ ಎಣಿಸಿ ಮುಗಿದರೂ ಒಬ್ಬಾಕೆ ಎದ್ದು ಹೋಗದೆ ಕೂತೇ ಇದ್ದಳು. ಮುಖ ಬಾಡಿತ್ತು. "ಮನೇಲಿ ಹೊಡೀತಾರೇನಮ್ಮಾ?" ಎಂದು ಕೇಳಿದೆ.

"ಇಲ್ಲಕ್ಕಾ, ಒಂದು ದಿನವೂ ಕೈ ಎತ್ತಿಲ್ಲ. ಆದ್ರೆ ನಮ್ಮ ಕೊಟ್ಟಿಗೆ ಹಸುವಿಗೂ ಗೌರಿ ಅಂತ ಹೆಸರಿದೆ. ನನ್ನನ್ನ ಹೆಸರು ಹಿಡಿದು ಕರೆದು ಆರು ವರ್ಷ ಆಯ್ತು. ಅತ್ತೆಗೆ ನಾನು 'ಬರಿಗೈಲಿ ಬಂದೋಳು', ಅವರಿಗೆ ಬರೀ 'ಏಯ್'" ಎಂದಳು.

ನನ್ನ ಪ್ರಶ್ನೆಯೇ ಸಾಲದಾಗಿತ್ತು. ಸರ್ಕಾರದ ಲೆಕ್ಕವೂ ಹೀಗೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ 100 ಮಹಿಳೆಯರಲ್ಲಿ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ. ಈ ಅಂಕಿಯಲ್ಲಿ ಸೇರಿರುವುದು ದೈಹಿಕ ಮತ್ತು ಲೈಂಗಿಕ ಹಿಂಸೆ ಮಾತ್ರ. ಅದೇ ಸಮೀಕ್ಷೆ ಇನ್ನೂ ಮೂರು ವಿಷಯ ಕೇಳುತ್ತದೆ. ನಾಲ್ಕು ಜನರೆದುರು ಗಂಡ ನಿಮ್ಮ ಮಾನ ಕಳೆದಿದ್ದಾನೆಯೇ? ನಿಮಗೋ ನಿಮ್ಮವರಿಗೋ ಕೇಡು ಮಾಡುವೆನೆಂದು ಬೆದರಿಸಿದ್ದಾನೆಯೇ? ನಿಮಗೇ ನೀವು ಕೀಳೆನಿಸುವಂತೆ ನಿಂದಿಸಿದ್ದಾನೆಯೇ? ಈ ಉತ್ತರಗಳು ಆ 44ರ ಲೆಕ್ಕಕ್ಕೆ ಬರಲಿಲ್ಲ. ಅತ್ತೆ, ನಾದಿನಿಯರ ಮಾತಂತೂ ಈ ಪ್ರಶ್ನೆಗಳಲ್ಲೇ ಇಲ್ಲ.

ಮಾತಿನ ಪೆಟ್ಟನ್ನು ಅಳೆಯುವುದು ಹೇಗೆ ಎನ್ನುವವರಿದ್ದಾರೆ. ಕಾನೂನು ಅಳೆಯುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅವಮಾನವೂ ಹಿಂಸೆಯೇ. ಸಂರಕ್ಷಣಾಧಿಕಾರಿ ತುಂಬುವ ಘಟನಾ ವರದಿಯಲ್ಲಿ ಇದಕ್ಕೆ ಸಾಲುಗಳೇ ಇವೆ: ವರದಕ್ಷಿಣೆ ತರಲಿಲ್ಲವೆಂದು ಹೀಯಾಳಿಸುವುದು, ಗಂಡು ಮಗು ಹೆರಲಿಲ್ಲವೆಂದು ಮೂದಲಿಸುವುದು, ನಡತೆಗೆ ಮಸಿ ಬಳಿಯುವುದು, ಕೀಳು ಹೆಸರಿನಿಂದ ಕರೆಯುವುದು. ಗಂಡನ ಮನೆಯವರ ಮೇಲೂ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ.

ಆದರೆ "ತುಂಬಾ ಬೈತಾರೆ" ಎಂದಷ್ಟೇ ಹೇಳಿದರೆ ಆ ಸಾಲುಗಳು ಖಾಲಿಯೇ ಉಳಿಯುತ್ತವೆ. ಯಾರು ಅಂದರು, ಯಾವ ಮಾತು, ಯಾವ ದಿನ, ಯಾರೆದುರು, ಆ ರಾತ್ರಿ ಊಟ ನಿದ್ದೆ ಆಯಿತೇ ಎಂಬುದನ್ನು ಬರೆದಿಡಿ. ಬರೆಯಲು ಬಾರದವರು ನಂಬಿಕೆಯ ಗೆಳತಿಯಿಂದ ಬರೆಸಿ. ಸಂಘದ ನಡವಳಿ ಪುಸ್ತಕದಲ್ಲಿ ಬೇಡ, ಮನೆಯಲ್ಲೂ ಬೇಡ. ಗೆಳತಿಯ ಬಳಿಯೇ ಇರಲಿ.

ವಾರಕ್ಕೆ ಹತ್ತು ರೂಪಾಯಿ ಕಟ್ಟಿದ್ದನ್ನೂ ತಪ್ಪದೆ ಬರೆದಿಡುವವರು ನಾವು. ನಮ್ಮ ಮಾನ ಕಳೆದ ದಿನವನ್ನೇಕೆ ಬರೆಯಬಾರದು?

ಮುಂದಿನ ಸಭೆಯಲ್ಲಿ "ಹೊಡೀತಾರಾ?" ಎಂದು ಕೇಳಿ ಸುಮ್ಮನಾಗಬೇಡಿ. "ಮನೇಲಿ ನಿನ್ನನ್ನ ಏನಂತ ಕರೀತಾರೆ?" ಎಂದೂ ಕೇಳಿ. ನಾನು ಈಗ ಹಾಗೆಯೇ ಕೇಳುತ್ತಿದ್ದೇನೆ.