ಆಳಂದದ 6,018 ಅರ್ಜಿ ಅರ್ಥವಾಗಬೇಕಾ? ನಾಲ್ಕು ಕಮಾಂಡ್ ಕಲಿಯಿರಿ

2018ರ ವಿಧಾನಸಭಾ ಚುನಾವಣೆಯಲ್ಲಿ ಆಳಂದದ ಗೆಲುವಿನ ಅಂತರ 697 ಮತ. ಅದೇ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಕೆಲವೇ ತಿಂಗಳು ಮುಂಚೆ, ಮತದಾರರ ಹೆಸರು ತೆಗೆದುಹಾಕಿ ಅಂತ ಆನ್‌ಲೈನ್‌ನಲ್ಲಿ ಬಂದ ಫಾರಂ 7 ಅರ್ಜಿಗಳು 6,018. ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿ ಅನಿಸಿದ್ದು 24 ಮಾತ್ರ, ಉಳಿದ 5,994 ತಿರಸ್ಕಾರವಾದವು. ಒಬ್ಬ ಬಿಎಲ್‌ಒಗೆ ತಮ್ಮ ಮನೆಯವರ ಹೆಸರೇ ತೆಗೆಯುವ ಅರ್ಜಿ ಕಂಡಿತ್ತು. ಅರ್ಜಿ ಹಾಕಿದ್ದಾರೆ ಎನ್ನಲಾದ ನೆರೆಯವರನ್ನ ಕೇಳಿದರೆ ಅವರಿಗೆ ಏನೂ ಗೊತ್ತಿರಲಿಲ್ಲ. 2023ರ ಫೆಬ್ರವರಿ 21ಕ್ಕೆ ಎಫ್‌ಐಆರ್ ದಾಖಲಾಯಿತು.

2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಈ ಪ್ರಕರಣ ಎತ್ತಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಸಾಫ್ಟ್‌ವೇರ್'. ಏನೋ ನಿಗೂಢ ಯಂತ್ರ ಇದ್ದಂಗೆ. ಆದರೆ ಅವರು ಹೇಳಿದ ಕೆಲಸಕ್ಕೆ ಬೇಕಾಗಿರೋದು ಒಂದು ಲೂಪ್. ಪಟ್ಟಿಯಿಂದ ಒಂದು ಸಾಲು ಓದು, ಫಾರಂ ತುಂಬು, ಸಲ್ಲಿಸು, ಮುಂದಿನ ಸಾಲಿಗೆ ಹೋಗು. ಶೆಲ್ ಸ್ಕ್ರಿಪ್ಟ್ ಕಲಿಯೋಕೆ ಶುರು ಮಾಡಿದವರಿಗೆ ಮೊದಲ ವಾರದಲ್ಲೇ ಸಿಗುವ ಪಾಠ ಇದು. ಪ್ರತಿ ಬೂತ್‌ನಲ್ಲೂ ಪಟ್ಟಿಯ ಮೊದಲ ಹೆಸರೇ ಅರ್ಜಿದಾರ ಅನ್ನೋದು ರಾಹುಲ್ ಆರೋಪದ ಮುಖ್ಯ ಸುಳಿವು. ಸೋಮಾರಿ ಲೂಪ್ ಬರೆದರೆ ಹಂಗೇ ಆಗೋದು.

ಆದರೆ ಉಳಿದ ಎರಡು ಸುಳಿವುಗಳು ಅಷ್ಟು ಗಟ್ಟಿಯಿಲ್ಲ. ಒಬ್ಬರ ಹೆಸರಲ್ಲಿ 14 ನಿಮಿಷಕ್ಕೆ 12 ಅರ್ಜಿ ಹೋಗಿವೆ ಅಂದರು. ಅಂದರೆ ಒಂದಕ್ಕೆ 70 ಸೆಕೆಂಡ್. ನಮ್ಮ ಕಡೆಯ ಯಾವುದೇ ಆನ್‌ಲೈನ್ ಸೆಂಟರ್ ಹುಡುಗ ಅಷ್ಟು ವೇಗದಲ್ಲಿ ಟೈಪ್ ಮಾಡಬಲ್ಲ. ಇನ್ನೊಬ್ಬರ ಹೆಸರಲ್ಲಿ ಬೆಳಗಿನ ಜಾವ 4:07ಕ್ಕೆ 36 ಸೆಕೆಂಡಿನಲ್ಲಿ ಎರಡು ಅರ್ಜಿ. ಅನುಮಾನ ಬರುತ್ತೆ, ಖರೆ. ಆದರೆ ಎರಡು ಕಂಪ್ಯೂಟರ್ ಮುಂದೆ ಇಬ್ಬರು ಕೂತರೂ ಇದು ಆಗುತ್ತೆ. ಮುಂದೆ ಎಸ್‌ಐಟಿ ತನಿಖೆಯಿಂದ ವರದಿಯಾದದ್ದು ಏನು? ಕಲಬುರಗಿಯ ಒಂದು ಡೇಟಾ ಸೆಂಟರ್‌ನಲ್ಲಿ ಅರ್ಜಿಗೆ 80 ರೂಪಾಯಿಯಂತೆ ಕೂಲಿ ಕೊಟ್ಟಿದ್ದರು ಅಂತ. ಗುಣಿಸಿ ನೋಡಿ, 4.8 ಲಕ್ಷ ದಾಟುತ್ತೆ. ಕೋರ್ಟಿನಲ್ಲಿ ಇದಿನ್ನೂ ಸಾಬೀತಾಗಬೇಕು. ನಿಜವೇ ಆದರೆ ಯಂತ್ರಕ್ಕಿಂತ ಅಗ್ಗದ ಕೈಗಳು ಇಲ್ಲೇ ಸಿಕ್ಕಿವೆ ಅಂತಾಯಿತು.

ಕೈಯೋ ಯಂತ್ರವೋ ಅಂತ ಬಿಡಿಸೋಕೆ ಒಂದೇ ದಾರಿ, ಲಾಗ್. ಪ್ರತಿ ಅರ್ಜಿಗೂ ಒಂದು ಸಾಲು, ಅದರಲ್ಲಿ ಸಮಯ, ಅರ್ಜಿದಾರ, ಮೊಬೈಲ್ ನಂಬರ್, ಐಪಿ ವಿಳಾಸ ಇರುವ ಫೈಲ್ ಅಂದುಕೊಳ್ಳಿ. 'ಗ್ರೆಪ್' ಬೇಕಾದ ಸಾಲುಗಳನ್ನ ಹುಡುಕಿ ಕೊಡುತ್ತೆ, 'ಕಟ್' ಒಂದು ಕಾಲಂ ಕತ್ತರಿಸಿ ಕೊಡುತ್ತೆ, 'ಸಾರ್ಟ್' ಜೋಡಿಸುತ್ತೆ, 'ಯುನಿಕ್' ಎಣಿಸುತ್ತೆ. ಒಂದರ ಫಲಿತಾಂಶ ಇನ್ನೊಂದಕ್ಕೆ ದಾಟಿಸೋ ಅಡ್ಡಗೋಡೆಯಂಥ ಗೆರೆಗೆ ಪೈಪ್ ಅಂತ ಹೆಸರು. 1973ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ಗೆ ಬಂದದ್ದು, ಇವತ್ತಿಗೂ ಹಂಗೇ ಇದೆ. ಹೊಸಬರು ಎಡವೋದು ಎರಡು ಕಡೆ. ಯುನಿಕ್ ಅಕ್ಕಪಕ್ಕದ ಸಾಲುಗಳನ್ನ ಮಾತ್ರ ಹೋಲಿಸುತ್ತೆ, ಹಾಗಾಗಿ ಮೊದಲು ಸಾರ್ಟ್ ಮಾಡಲೇಬೇಕು. ಸಾರ್ಟ್‌ಗೆ ಸಂಖ್ಯೆ ಅಂತ ಹೇಳದಿದ್ದರೆ 12 ಅನ್ನ 2ಕ್ಕಿಂತ ಮುಂಚೆ ಇಡುತ್ತೆ. ಇಷ್ಟು ಗೊತ್ತಾದರೆ ಯಾವ ನಂಬರಿನಿಂದ ಎಷ್ಟು ಅರ್ಜಿ, ಯಾವ ನಿಮಿಷದಲ್ಲಿ ಎಷ್ಟು ಅನ್ನೋದು ಒಂದೇ ಸಾಲಿನಲ್ಲಿ ಬರುತ್ತೆ. ಇದಕ್ಕೆ ಲ್ಯಾಪ್‌ಟಾಪ್ ಕೂಡ ಬೇಡ, ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಹಾಕಿಕೊಂಡರೆ ಸಾಕು.

ಸಿಐಡಿಗೂ ಆಯೋಗಕ್ಕೂ ಜಗಳ ಇದ್ದದ್ದು ಈ ಲಾಗ್ ಬಗ್ಗೆಯೇ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಒಂದೇ ಐಪಿ ವಿಳಾಸವನ್ನ ಒಂದೇ ಹೊತ್ತಿಗೆ ಎಷ್ಟೋ ಜನ ಹಂಚಿಕೊಂಡಿರ್ತಾರೆ. ಎದುರಿನ ಸರ್ವರ್‌ನ ವಿಳಾಸ, ಪೋರ್ಟ್ ನಂಬರ್, ನಿಖರ ಸಮಯ ಇಲ್ಲದಿದ್ದರೆ ಟೆಲಿಕಾಂ ಕಂಪನಿಗೂ ವ್ಯಕ್ತಿಯನ್ನ ಗುರುತಿಸೋದು ಕಷ್ಟ. ಇವನ್ನ ಕೇಳಿ ಸಿಐಡಿ 18 ತಿಂಗಳಲ್ಲಿ 18 ಪತ್ರ ಬರೆಯಿತು ಅನ್ನೋದು ಕಾಂಗ್ರೆಸ್ ವಾದ. ತನ್ನಲ್ಲಿದ್ದ ಮಾಹಿತಿಯನ್ನ 2023ರ ಸೆಪ್ಟೆಂಬರ್ 6ರಂದೇ ಕಲಬುರಗಿ ಎಸ್‌ಪಿಗೆ ಕೊಟ್ಟಾಗಿದೆ ಅನ್ನೋದು ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಉತ್ತರ. ಕೊಟ್ಟದ್ದು ಯಾವ ಕಾಲಂ, ಬಿಟ್ಟದ್ದು ಯಾವ ಕಾಲಂ? ಟಿವಿ ಚರ್ಚೆಯಲ್ಲಿ ಇದನ್ನ ಕೇಳಿದವರು ನನಗಂತೂ ಕಾಣಲಿಲ್ಲ.

ಪತ್ರಿಕಾಗೋಷ್ಠಿ ಆದ ಕೆಲವೇ ದಿನಕ್ಕೆ ಆಯೋಗ ಆನ್‌ಲೈನ್ ಅರ್ಜಿಗೆ ಆಧಾರ್ ಆಧಾರಿತ ಇ-ಸೈನ್ ತಂದಿತು. ಒಳ್ಳೇದೇ. ಆದರೆ ಬೇಲಿ ಹಾಕಿದ್ದು ಒಳಗೆ ಹೋಗೋ ದಾರಿಗೆ ಮಾತ್ರ.

ಅಫಜಲಪುರ, ಜೇವರ್ಗಿಯ ಗೆಳೆಯರೇ, ನಿಮ್ಮ ಬೂತಿನ ಪಟ್ಟಿಯನ್ನ ನೀವೇ ಪರೀಕ್ಷಿಸೋಕೆ ಹೋಗಿ ನೋಡಿ. ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಹೋಲಿಸಿ ಯಾರ ಹೆಸರು ಹೋಗಿದೆ ಅಂತ ತಿಳಿಯೋದು ಶೆಲ್‌ನಲ್ಲಿ ಕ್ಷಣದ ಕೆಲಸ ಆಗಬೇಕಿತ್ತು. ಆದರೆ ಆಯೋಗ ಕೊಡೋ ಪಿಡಿಎಫ್ ಬರೀ ಚಿತ್ರ, ಅದರೊಳಗೆ ಅಕ್ಷರಗಳೇ ಇಲ್ಲ. ಹುಡುಕಬಲ್ಲ ಪಠ್ಯ ಕೊಡಿ ಅಂತ ಕಮಲ್ ನಾಥ್ ಸುಪ್ರೀಂ ಕೋರ್ಟಿಗೆ ಹೋದಾಗ 2018ರ ಅಕ್ಟೋಬರ್‌ನಲ್ಲಿ ಅರ್ಜಿ ವಜಾ ಆಯಿತು. ಪಠ್ಯ ಕೊಟ್ಟರೆ ಮತದಾರರ ಮಾಹಿತಿ ದುರ್ಬಳಕೆ ಆಗುತ್ತೆ ಅನ್ನೋದು ಆಯೋಗದ ಕಾಳಜಿ. ಆಳಂದದಲ್ಲಿ ಅರ್ಜಿ ಹಾಕಿದವರಿಗೆ ಆ ಪಿಡಿಎಫ್ ಅಡ್ಡಿಯಾಗಲಿಲ್ಲ. ಟೆಸರಾಕ್ಟ್ ಅನ್ನೋ ಉಚಿತ ತಂತ್ರಾಂಶಕ್ಕೆ ಚಿತ್ರದಿಂದ ಕನ್ನಡ ಓದೋಕೆ ಬರುತ್ತೆ, ಆದರೆ ಒತ್ತಕ್ಷರ ಬಂದ ಕಡೆ ಮುಗ್ಗರಿಸುತ್ತೆ. ಅದು ಇಲ್ಲದೆ ನಿಮ್ಮ ಅಜ್ಜಿಯ ಹೆಸರು ಕೊಟ್ಟು ಗ್ರೆಪ್ ಮಾಡಿದರೆ, ಹೆಸರು ಪಟ್ಟಿಯಲ್ಲಿ ಇದ್ದರೂ ಇಲ್ಲದಿದ್ದರೂ ಪರದೆ ಮೇಲೆ ಬರೋದು ಒಂದೇ ಉತ್ತರ: ಖಾಲಿ ಸಾಲು.