ಕಪ್ಪು ಯಾರಲ್ಲಿದೆ?

ಬೆಳಕನ್ನೆಲ್ಲ ಹೀರಿಕೊಳ್ಳುವ ಕಪ್ಪು ಬಣ್ಣವೇ ಅಲ್ಲವೆಂದು ತರಗತಿಯಲ್ಲಿ ಕಲಿಸಿದವನು ನಾನು. ಜಿನಾಗಮವಾದರೋ ಪುದ್ಗಲದ 5 ವರ್ಣಗಳಲ್ಲಿ ಕಪ್ಪನ್ನೂ ಎಣಿಸುತ್ತದೆ.

ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಅಮ್ಮನವರಿಗೆ ಕೈಮುಗಿದು, ಮನೆಗೆ ಮರಳಿ ‘ಹುಡುಗಿ ಕಪ್ಪು’ ಎಂದು ಸಂಬಂಧ ನಿರಾಕರಿಸುವವರು ಯೋಚಿಸಬೇಕು. ಅಮ್ಮನವರು ಸೇವಿಸುವ ಚಂದ್ರಪ್ರಭ ತೀರ್ಥಂಕರರು ಶ್ವೇತವರ್ಣದವರು. ಮುನಿಸುವ್ರತರೂ ನೇಮಿನಾಥರೂ ಶ್ಯಾಮವರ್ಣದವರು. ಮೂವರೂ ಸೇರಿದ್ದು ಒಂದೇ ಸಿದ್ಧಲೋಕವನ್ನು.

ದೇಹದ ಬಣ್ಣ ದ್ರವ್ಯಲೇಶ್ಯೆ; ಆತ್ಮಕ್ಕೆ ಕರ್ಮವನ್ನು ಅಂಟಿಸುವುದು ಭಾವಲೇಶ್ಯೆ. ಹಣ್ಣಿಗಾಗಿ ಮರವನ್ನೇ ಬುಡಸಹಿತ ಕಡಿಯಬಯಸುವವನದು ಕೃಷ್ಣಲೇಶ್ಯೆ, ಉದುರಿದ ಹಣ್ಣನ್ನಷ್ಟೇ ಆಯ್ದು ತೃಪ್ತನಾಗುವವನದು ಶುಕ್ಲಲೇಶ್ಯೆ ಎಂದು ಬಸದಿಯ ಪ್ರವಚನಗಳಲ್ಲಿ ಕೇಳಿದ್ದೇವೆ. ಒಂದು ಮಾತಿನಿಂದ ಹೆಣ್ಣುಮಗುವಿನ ಮನಸ್ಸನ್ನು ಬುಡಸಹಿತ ಕಡಿಯುವಾಗ, ಕಪ್ಪು ಇರುವುದು ಅವಳ ಮೈಯಲ್ಲೋ, ನಮ್ಮ ಭಾವದಲ್ಲೋ?